ಕೀಗೊಂಚಲಿನ ಟಾರ್ಚಿಗೆ ಯಾವ ಸೆಲ್ಲು?

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಆಟಿ ತಿಂಗಳ ಗಾಳಿಗೆ ಹಲಸಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದ ರಾತ್ರಿ ಅದೇ ತಾಲ್ಲೂಕಿನ ಮನೆಗಳಲ್ಲೂ ಕತ್ತಲೆಯೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಒಂಬತ್ತು ಮಂದಿಯಿದ್ದ ಟಗ್ ಒಂದು ಕಾಪುವಿನ ಕಡಲಬಂಡೆಗಳಿಗೆ ಸಿಕ್ಕಿಬಿದ್ದದ್ದು ಊರಿಗೆಲ್ಲ ನೆನಪಿದೆ. ಅಂಥ ಕತ್ತಲ ರಾತ್ರಿಗಳಿಗೆ ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ನಿಜ. ಆದರೆ ಕರೆಂಟ್ ಬರುವವರೆಗೆ ಮೊಬೈಲಿನ ಚಾರ್ಜ್ ಉಳಿಯಬೇಕಾದದ್ದು ಮಾತಿಗೆ, ಅಂಗಳದಾಚೆಯ ಕೊಟ್ಟಿಗೆಗೆ ಹೋಗಿಬರಲು ಅಲ್ಲ. ಬೈಕಿನ ಕೀಗೊಂಚಲಿನಲ್ಲಿ ನೇತಾಡುವ ಬೆರಳುದ್ದದ ಟಾರ್ಚಿಗೆ ಇನ್ನೂ ಬೆಲೆಯಿರುವುದು ಇದಕ್ಕೇ.

ಕೊಳ್ಳಲು ಉಡುಪಿಯ ಅಂಗಡಿಗೆ ಹೋದರೆ ವಾದ ಅಲ್ಲೇ ಶುರು. "ಚಾರ್ಜಿಂಗಿನದ್ದು ತಕೊಳ್ಳಿ, ಸೆಲ್ಲಿನ ರಗಳೆಯೇ ಇಲ್ಲ ಮಾರಾಯ್ರೆ" ಎನ್ನುತ್ತಾನೆ ಅಂಗಡಿಯ ಹುಡುಗ. "ಕರೆಂಟೇ ಇಲ್ಲದಿದ್ದರೆ ಚಾರ್ಜ್ ಎಲ್ಲಿಂದ ಮಾಡುವುದು ಮಾರಾಯ?" ಎನ್ನುತ್ತಾರೆ ಕಾರ್ಕಳದಿಂದ ಬಂದ ತೋಟದವರು. ಇಬ್ಬರ ಮಾತಿನಲ್ಲೂ ಹುರುಳಿದೆ.

ಮೊದಲು ಹುಡುಗನ ಪಕ್ಷ. ಬಿಳಿ ಎಲ್‌ಇಡಿ ಹೊತ್ತಿಕೊಳ್ಳಬೇಕಾದರೆ ಸುಮಾರು 3 ವೋಲ್ಟ್ ಬೇಕು. ಚಾರ್ಜಿಂಗ್ ಟಾರ್ಚಿನೊಳಗಿನ ಲಿಥಿಯಂ ಅಯಾನ್ ಸೆಲ್ಲು ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಸುತ್ತ ಹೋದಂತೆ 3ರ ಆಸುಪಾಸು. ಅಂದರೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇದೆ; ಹೆಚ್ಚಾದದ್ದನ್ನು ತಡೆಯುವ ಒಂದು ಸಣ್ಣ ಚಿಪ್ ಇದ್ದರೆ ಸಾಕು. ಹಾಗಾಗಿ ಟಾರ್ಚ್ ಹೆಬ್ಬೆರಳಿನಷ್ಟೇ ಇದ್ದೂ ಅದರ ಬೆಳಕು 100 ಲ್ಯೂಮೆನ್ ದಾಟುತ್ತದೆ. ಮಣಿಪಾಲದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ ಮೊಬೈಲಿನ ಚಾರ್ಜರೇ ಇದಕ್ಕೂ ಆಗುತ್ತದೆ. ತೋಟದವರ ಆಕ್ಷೇಪಕ್ಕೂ ಉತ್ತರವಿದೆ: ಪವರ್ ಬ್ಯಾಂಕ್ ಒಂದಿದ್ದರೆ ಇಷ್ಟು ಚಿಕ್ಕ ಸೆಲ್ಲನ್ನು ಹತ್ತಾರು ಸಲ ತುಂಬಬಹುದು. ಕರೆಂಟಿಲ್ಲ ಎಂಬ ಒಂದೇ ಕಾರಣಕ್ಕೆ ಚಾರ್ಜಿಂಗ್ ಟಾರ್ಚನ್ನು ತಳ್ಳಿಹಾಕುವುದು ಈಗ ನ್ಯಾಯವಲ್ಲ.

ಅದರ ನಿಜವಾದ ದೌರ್ಬಲ್ಯ ಬೇರೆ. ಒಳಗಿನ ಸೆಲ್ಲನ್ನು ಬದಲಿಸಲು ಬಾರದ ಟಾರ್ಚಿನಲ್ಲಿ ಸೆಲ್ಲಿನ ಆಯುಷ್ಯವೇ ಟಾರ್ಚಿನ ಆಯುಷ್ಯ. ಲಿಥಿಯಂ ಅಯಾನ್ ಸೆಲ್ಲು ಪೂರ್ತಿ ತುಂಬಿದ ಸ್ಥಿತಿಯಲ್ಲಿ ಸೆಕೆಯಲ್ಲಿದ್ದಷ್ಟೂ ಬೇಗ ಮುದಿಯಾಗುತ್ತದೆ. ನಮ್ಮ ಕೀಗೊಂಚಲು ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಬೈಕಿನಲ್ಲೇ ಇರುತ್ತದಲ್ಲ. ಇನ್ನೊಂದು, ಚಾರ್ಜಿಂಗ್ ತೂತು. ಕಾಪುವಿನ ಕಡಲಬದಿಯಲ್ಲಿ ಓಡಾಡುವವರ ಕಿಸೆಯಲ್ಲಿ ಬೆವರು, ಮರಳು, ಉಪ್ಪುಗಾಳಿಯ ಪಸೆ ಮೂರೂ ಸೇರಿರುತ್ತವೆ. ತೂತಿನ ರಬ್ಬರ್ ಮುಚ್ಚಳ ಸಡಿಲವಾದ ಮೇಲೆ ಅದರೊಳಗಿನ ಹಿತ್ತಾಳೆ ಬಣ್ಣದ ಸಣ್ಣ ಪಟ್ಟಿಗಳು ಹಸಿರುಗಟ್ಟುತ್ತವೆ. ಆಮೇಲೆ ವೈರನ್ನು ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಚಾರ್ಜ್, ಕೊನೆಗೆ ಅದೂ ಇಲ್ಲ.

ಇನ್ನು ತೋಟದವರ ಪಕ್ಷ: ರಿಮೋಟಿಗೆ ಹಾಕುವ ಸಣ್ಣ ಪೆನ್ಸಿಲ್ ಸೆಲ್ಲು, ಪೊಟ್ಟಣದ ಮೇಲೆ 'ಎಎಎ' ಎಂದಿರುವಂಥದ್ದು. ಮಾಳದಂಥ ಹಳ್ಳಿಯ ಗೂಡಂಗಡಿಯಲ್ಲೂ ಸಿಗುತ್ತದೆ, ಹತ್ತಿಪ್ಪತ್ತು ರೂಪಾಯಿಯ ಮಾತು. ತುರ್ತಾದರೆ ಟಿವಿಯ ರಿಮೋಟಿನಿಂದಲೇ ಕಿತ್ತು ಹಾಕಬಹುದು. ಸೆಲ್ಲು ಸತ್ತರೆ ಟಾರ್ಚ್ ಸಾಯುವುದಿಲ್ಲ. ತಿರುಪಿ ಹೊತ್ತಿಸುವ ಮಾದರಿಯಾದರೆ ಆರಿಸಿದಾಗ ಒಂದಿಷ್ಟೂ ವಿದ್ಯುತ್ ಸೋರುವುದಿಲ್ಲ. ಎಲೆಕ್ಟ್ರಾನಿಕ್ ಗುಂಡಿಯ ಟಾರ್ಚುಗಳು ಸುಮ್ಮನಿದ್ದಾಗಲೂ ಚೂರುಚೂರು ಕುಡಿಯುತ್ತಿರುತ್ತವೆ.

ಆದರೆ ಈ ಸೆಲ್ಲು 1.5 ವೋಲ್ಟಿನದ್ದು. ಎಲ್‌ಇಡಿಗೆ ಬೇಕಾದದ್ದರ ಅರ್ಧ. ವೋಲ್ಟೇಜನ್ನು ಏರಿಸುವ ಸರ್ಕಿಟ್ ಇಲ್ಲದೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಜೊತೆಗೆ ಇಂಥ ಆಲ್ಕಲೈನ್ ಸೆಲ್ಲಿಗೆ ಸೋರುವ ಚಾಳಿಯಿದೆ. ಖಾಲಿಯಾದದ್ದನ್ನು ತೆಗೆಯದೆ ಒಂದು ಮಳೆಗಾಲ ಬಿಟ್ಟು ಮುಚ್ಚಳ ತಿರುಪಿದರೆ ತಿರುಪಿನ ಗೆರೆಗಳಲ್ಲಿ ಬಿಳಿಯ ಹರಳು ಕಚ್ಚಿಕೊಂಡಿರುತ್ತದೆ, ಸ್ಪ್ರಿಂಗಿನ ತುದಿ ಕಪ್ಪಾಗಿರುತ್ತದೆ, ಸೆಲ್ಲು ಉಬ್ಬಿ ಕೊಳವೆಗೆ ಅಂಟಿಕೊಂಡಿರುತ್ತದೆ. ಆ ಬಿಳಿ ಹರಳು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಆದದ್ದು, ಕ್ಷಾರ. ಕಿವಿಕಡ್ಡಿಯ ಹತ್ತಿಗೆ ನಾಲ್ಕು ಹನಿ ಲಿಂಬೆರಸ ಹಾಕಿ ಒರೆಸಿ, ಆಮೇಲೆ ಒದ್ದೆಬಟ್ಟೆಯಲ್ಲಿ ತೆಗೆದು ಒಣಗಿಸಿದರೆ ಎಷ್ಟೋ ಟಾರ್ಚುಗಳು ಬದುಕುತ್ತವೆ. ಸೆಲ್ಲು ಹೊರಗೇ ಬಾರದಿದ್ದರೆ ಟಾರ್ಚಿನ ಆಸೆ ಬಿಡುವುದು.

ನಡುದಾರಿಯೂ ಉಂಟು. ನಿಕಲ್ ಮೆಟಲ್ ಹೈಡ್ರೈಡ್, ಅಂದರೆ ಅದೇ ಗಾತ್ರದ ರಿಚಾರ್ಜ್ ಸೆಲ್ಲು, 1.2 ವೋಲ್ಟ್, ಸುಮಾರು 750 ಮಿಲಿಆಂಪ್ ಅವರ್. ಹಳೆಯ ಬಗೆಯವು ತಿಂಗಳೊಳಗೆ ತಾವಾಗಿ ಕಾಲುಭಾಗ ಖಾಲಿಯಾಗುತ್ತಿದ್ದವು. ತಿಂಗಳುಗಟ್ಟಲೆ ಸುಮ್ಮನೆ ನೇತಾಡುವ ಟಾರ್ಚಿಗೆ ಅದು ದಂಡ. 2005ರಲ್ಲಿ ಸಾನ್ಯೊ ಕಂಪನಿ ತಂದ ಎನಿಲೂಪ್ ಮತ್ತು ಆನಂತರದ ಅಂಥ ಸೆಲ್ಲುಗಳು ವರ್ಷ ಕಳೆದರೂ ಚಾರ್ಜಿನ ಹೆಚ್ಚಿನ ಪಾಲನ್ನು ಉಳಿಸಿಕೊಳ್ಳುತ್ತವೆ. ಸೋರುವುದು ಅಪರೂಪ.

ಸೆಲ್ಲಿನ ಜಗಳ ಇಲ್ಲಿಗೆ ಮುಗಿಯಬಹುದಿತ್ತು. ಅದರ ಹಿಂದೆ ಇನ್ನೊಂದಿದೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅದೇ. ಸೆಲ್ಲಿನ ಶಕ್ತಿ ಇಳಿದಂತೆ ಬೆಳಕೂ ಇಳಿಯಬೇಕೇ, ಅಥವಾ ಕೊನೆಯವರೆಗೆ ಒಂದೇ ಮಟ್ಟದಲ್ಲಿ ಇರಬೇಕೇ?

ಒಂದೇ ಮಟ್ಟಕ್ಕೆ ಹಿಡಿದಿಡುವ ಟಾರ್ಚನ್ನು 'ರೆಗ್ಯುಲೇಟೆಡ್' ಎನ್ನುತ್ತಾರೆ. ಸುಮಾರು 30 ಲ್ಯೂಮೆನ್‌ಗೆ ಸರ್ಕಿಟ್ ಸೆಲ್ಲಿನಿಂದ 0.35 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಹೊಸ ಆಲ್ಕಲೈನ್ ಸೆಲ್ಲು 1.5 ವೋಲ್ಟ್ ಕೊಡುವಾಗ 0.23 ಆಂಪ್ ಸಾಕು. ಅದೇ ಸೆಲ್ಲು ದಣಿದು 1 ವೋಲ್ಟಿಗೆ ಇಳಿದಾಗ ಅಷ್ಟೇ ಬೆಳಕಿಗೆ 0.35 ಆಂಪ್ ಬೇಕು. ಅಂದರೆ ಸುಸ್ತಾದಷ್ಟೂ ಹೆಚ್ಚು ದುಡಿಸಿಕೊಳ್ಳುತ್ತದೆ. ಒಳಗಿನ ರೋಧವೂ ಆಗ ಏರಿರುವುದರಿಂದ ಆಲ್ಕಲೈನ್ ಕುಸಿಯುವುದು ಒಮ್ಮೆಲೇ. ನಿಕಲ್ ಸೆಲ್ಲು ಈ ದುಡಿತಕ್ಕೆ ಹೇಳಿಮಾಡಿಸಿದ್ದು: 1.2 ವೋಲ್ಟಿನ ಆಸುಪಾಸಿನಲ್ಲೇ ಬಹುಹೊತ್ತು ನಿಂತು ಸುಮಾರು ಎರಡೂವರೆ ಗಂಟೆ ಅದೇ ಬೆಳಕು ಕೊಡುತ್ತದೆ.

ಹಿಡಿದಿಡದ ಟಾರ್ಚಿನ ಪರವಾಗಿ ಹೇಳಬೇಕಾದದ್ದು ಕಡಿಮೆಯೇನಿಲ್ಲ. ನಮ್ಮ ಕಣ್ಣು ಬೆಳಕನ್ನು ಅಳೆಯುವುದು ಅನುಪಾತದಲ್ಲಿ. 40 ಲ್ಯೂಮೆನ್ ನಿಧಾನವಾಗಿ 20ಕ್ಕೆ ಇಳಿದರೆ ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಮತ್ತೆ, ಮಂದವಾಗುವುದೇ ಒಂದು ಮುನ್ಸೂಚನೆ. ಹಳೆಯ ಎರಡು ಸೆಲ್ಲಿನ ಬಲ್ಬ್ ಟಾರ್ಚು ಹಳದಿಗೆ ತಿರುಗಿದರೆ ನಾಳೆ ಸೆಲ್ಲು ತರಬೇಕು ಎಂದು ಮನೆಮಂದಿಗೆಲ್ಲ ತಿಳಿಯುತ್ತಿತ್ತು. ನಡುತೋಟದಲ್ಲಿ ಇದ್ದಕ್ಕಿದ್ದಂತೆ ಆರಿಹೋಗುವ ಬೆಳಕಿಗಿಂತ, ಬಡಕಲಾದರೂ ಮನೆಯವರೆಗೆ ತಲಪಿಸುವ ಬೆಳಕೇ ವಾಸಿ ಎಂಬ ವಾದವನ್ನು ಅಲ್ಲಗಳೆಯುವುದು ಕಷ್ಟ.

ಆದರೆ ಅದೇ ತೋಟದಲ್ಲಿ ಇನ್ನೊಂದು ಅಪಾಯವಿದೆ. ಬಿದ್ದ ಅಡಿಕೆ ಸೋಗೆಗೂ ಕನ್ನಡಿ ಹಾವಿಗೂ ವ್ಯತ್ಯಾಸ ಕಾಣಿಸದಷ್ಟು ಬೆಳಕು ಇಳಿದಿರುತ್ತದೆ, ಕಣ್ಣು ಒಗ್ಗಿಕೊಂಡದ್ದರಿಂದ ಇಳಿದದ್ದು ನಡೆಯುವವನಿಗೆ ತಿಳಿದಿರುವುದಿಲ್ಲ. ಮುನ್ಸೂಚನೆ ಸಿಗುತ್ತದೆ ಎಂಬ ವಾದವೂ ಕಣ್ಣಿಗೆ ಗೊತ್ತಾಗುವುದಿಲ್ಲ ಎಂಬ ವಾದವೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ರೆಗ್ಯುಲೇಟೆಡ್ ಪಕ್ಷದವರು ಕುಟುಕುವುದು ಸರಿಯಾಗಿಯೇ ಇದೆ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ನೋಡಿ ತೀರ್ಮಾನಿಸೋಣವೆಂದರೆ ಅಲ್ಲೂ ಮಸುಕು. 2009ರಲ್ಲಿ ಅಮೆರಿಕದಲ್ಲಿ ಬಂದ ಎಫ್‌ಎಲ್ 1 ಮಾನದಂಡವನ್ನು ಈಗ ಅನೇಕ ತಯಾರಕರು ಪಾಲಿಸುತ್ತಾರೆ. ಅದರಂತೆ ಬೆಳಕನ್ನು ಅಳೆಯುವುದು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. 'ಇಷ್ಟು ಗಂಟೆ' ಎಂದು ಬರೆಯುವುದು ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತನ್ನು. 100 ಲ್ಯೂಮೆನ್, 2 ಗಂಟೆ ಎಂದಿದ್ದರೆ ಎರಡು ಗಂಟೆಯೂ 100 ಇರಬಹುದು, ಹತ್ತು ನಿಮಿಷಕ್ಕೆ 30ಕ್ಕೆ ಇಳಿದು ಕುಂಟುತ್ತ ಸಾಗಿಯೂ ಇರಬಹುದು. ಚಿಕ್ಕ ಮೈಯ ಟಾರ್ಚುಗಳು ಬಿಸಿಯಾಗುತ್ತವೆಂದು ಕೆಲವೇ ನಿಮಿಷಕ್ಕೆ ತಾವೇ ಬೆಳಕು ತಗ್ಗಿಸುವುದೂ ಸಾಮಾನ್ಯ.

ಇಲ್ಲಿ ಪಕ್ಷಭೇದವಿಲ್ಲದೆ ಹೇಳಬೇಕಾದ ಎರಡು ಮಾತುಗಳಿವೆ. ಆನ್‌ಲೈನಿನಲ್ಲಿ 10440 ಎಂಬ ಲಿಥಿಯಂ ಅಯಾನ್ ಸೆಲ್ಲು ಸಿಗುತ್ತದೆ, ಗಾತ್ರದಲ್ಲಿ ರಿಮೋಟ್ ಸೆಲ್ಲಿನ ಅವಳಿ. ಹೆಚ್ಚು ಬೆಳಕಿನ ಆಸೆಗೆ ಅದನ್ನು 1.5 ವೋಲ್ಟಿನ ಟಾರ್ಚಿಗೆ ತುರುಕುವ ಹುಡುಗರಿದ್ದಾರೆ. ವೋಲ್ಟೇಜು ಏರಿಸುವ ಸರ್ಕಿಟಿಗೆ ಸಾಮಾನ್ಯವಾಗಿ ಅದನ್ನು ಇಳಿಸಲು ಬಾರದು. ಎಲ್‌ಇಡಿಗೆ ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಎಲ್ಲವನ್ನೂ ಹಾಗೆಯೇ ಹರಿಯಬಿಡುತ್ತದೆ. ರೆಗ್ಯುಲೇಶನ್ ಅಲ್ಲಿಗೆ ಮುಗಿಯಿತು, ಟಾರ್ಚ್ ಕೈ ಸುಡುತ್ತದೆ, ಆಗಾಗ ಸರ್ಕಿಟೇ ಹೋಗುತ್ತದೆ. ಅದೇ ಸೆಲ್ಲನ್ನು ಮರೆತು ನಿಕಲ್ ಸೆಲ್ಲಿನ ಚಾರ್ಜರಿಗೆ ಹಾಕಿದರೆ ಬೆಂಕಿ ಹತ್ತುವ ಅಪಾಯ. ಎರಡನೆಯದು, ನಾಣ್ಯದಂಥ ಸಿಆರ್2032 ಸೆಲ್ಲಿನ ಅಗ್ಗದ ಟಾರ್ಚು. ಸರ್ಕಿಟೇ ಇಲ್ಲದೆ ಉರಿಯುವ ಹಗುರ ವಸ್ತು, ಬೀಗದ ತೂತು ಹುಡುಕಲು ಧಾರಾಳ ಸಾಕು. ಆದರೆ ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಮಕ್ಕಳಿರುವ ಮನೆಗೆ, ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ, ಬೇಡ.

ನನ್ನ ತೀರ್ಮಾನ ಊರು ನೋಡಿ ಬದಲಾಗುತ್ತದೆ. ಮಣಿಪಾಲದಲ್ಲಿ ದಿನಾ ಚಾರ್ಜರಿನ ಪಕ್ಕದಲ್ಲೇ ಮಲಗುವವರಿಗೆ ಚಾರ್ಜಿಂಗ್ ಟಾರ್ಚೇ ಸರಿ. ಕಾರ್ಕಳದ ತೋಟಕ್ಕೂ ಕಾಪುವಿನ ಕಡಲಬದಿಗೂ ತೂತಿಲ್ಲದ, ತಿರುಪಿ ಹೊತ್ತಿಸುವ, ನಿಕಲ್ ಸೆಲ್ಲಿನ ರೆಗ್ಯುಲೇಟೆಡ್ ಟಾರ್ಚು; ಆರುವ ಮೊದಲು ಸಣ್ಣ ಬೆಳಕಿಗೆ ಇಳಿದು ಸ್ವಲ್ಪ ಹೊತ್ತು ನಿಲ್ಲುವಂಥದ್ದು ಸಿಕ್ಕಿದರೆ ಎರಡು ಪಕ್ಷದ ಲಾಭವೂ ಒಂದರಲ್ಲೇ. 30 ಲ್ಯೂಮೆನ್‌ಗಿಂತ ಹೆಚ್ಚಿನದಕ್ಕೆ ಆಸೆಪಡಬೇಕಾಗಿಲ್ಲ, ಜಡಿಮಳೆಯಲ್ಲಿ ಹೆಚ್ಚಿನ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಸತ್ತ ಸೆಲ್ಲು ತೆಂಗಿನ ಬುಡಕ್ಕೆ ಹೋಗದಿರಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸೆಲ್ಲುಗಳ ಸಂಗ್ರಹ ತಯಾರಕರ ಹೊಣೆ.

ಯಾವುದನ್ನೇ ಕೊಂಡರೂ ಮಳೆ ಹಿಡಿಯುವ ಮೊದಲು ಒಂದು ಸಂಜೆ ಹೊಸ ಸೆಲ್ಲು ಹಾಕಿ, ಇಲ್ಲವೇ ಪೂರ್ತಿ ಚಾರ್ಜ್ ಮಾಡಿ, ಟಾರ್ಚನ್ನು ಗೋಡೆಗೆ ಮುಖ ಮಾಡಿ ಹೊತ್ತಿಸಿಡಿ. ಅರ್ಧ ಗಂಟೆಗೊಮ್ಮೆ ಮೊಬೈಲಿನಲ್ಲಿ ಗೋಡೆಯ ಫೋಟೊ ತೆಗೆಯಿರಿ, ಪ್ರತಿ ಸಲವೂ ಒಂದೇ ಎಕ್ಸ್‌ಪೋಶರಿನಲ್ಲಿ. ಪೆಟ್ಟಿಗೆಯ ಮೇಲೆ ಬರೆಯದೆ ಬಿಟ್ಟದ್ದು ಆ ಐದಾರು ಫೋಟೊಗಳಲ್ಲಿ ಸಿಗುತ್ತದೆ.