ಮೆಟ್ರೊ ಬಂದರೂ ದೂರವೇ ಉಳಿದ ಜ್ಞಾನಭಾರತಿ

ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾದಾಗ ಅದು ಊರಿನ ನಡುವೆಯೇ ಇತ್ತು. ಸೆಂಟ್ರಲ್ ಕಾಲೇಜು ಹಾಗೂ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜು ಅದರ ಮೂಲ ನೆಲೆಗಳು. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದವರು ಮನಸ್ಸು ಮಾಡಿದರೆ ನಡೆದೇ ತರಗತಿ ಸೇರಬಹುದಿತ್ತು. 1973ರಲ್ಲಿ ಮೈಸೂರು ರಸ್ತೆಯ ಬದಿಯ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣ ಸಿದ್ಧವಾಯಿತು. ವಿಭಾಗಗಳು ಒಂದೊಂದಾಗಿ ಅಲ್ಲಿಗೆ ನಡೆದವು. ಬೆಳೆಯುವ ವಿಶ್ವವಿದ್ಯಾಲಯಕ್ಕೆ ವಿಶಾಲವಾದ ಜಾಗ ಬೇಕು ಎಂಬ ಅಂದಿನ ನಿರ್ಧಾರದಲ್ಲಿ ದೂರದೃಷ್ಟಿಯೇ ಇತ್ತು. ಆದರೆ ಆ ದೂರವನ್ನು ದಿನವೂ ಕ್ರಮಿಸುವ ಹೊಣೆ ವಿದ್ಯಾರ್ಥಿಯ ಹೆಗಲೇರಿತು. ಬಿಟಿಎಸ್ ಎಂದರೆ ‘ಬಿಟ್ರೆ ತಿರ್ಗಾ ಸಿಗೋಲ್ಲ’ ಎಂದು ಬೆಂಗಳೂರಿಗರು ನಗೆಯಾಡುತ್ತಿದ್ದ ಕಾಲವದು.

ಆ ಕಾಲ ಈಗಿಲ್ಲ. ನೇರಳೆ ಮಾರ್ಗದ ಮೆಟ್ರೊ ನಗರದ ಹೃದಯಭಾಗವನ್ನು ಹಾದು ಮೈಸೂರು ರಸ್ತೆಯವರೆಗೆ 2016ರಲ್ಲಿ ಬಂತು. 2021ರ ಆಗಸ್ಟ್‌ನಲ್ಲಿ ಅದು ಕೆಂಗೇರಿಗೆ ಮುಂದುವರಿದಾಗ ‘ಜ್ಞಾನಭಾರತಿ’ ಎಂಬ ಹೆಸರಿನದೇ ಒಂದು ನಿಲ್ದಾಣ ದೊರೆಯಿತು. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಒಂದೇ ರೈಲಿನಲ್ಲಿ ಕುಳಿತು ಹೋಗಬಹುದು. ಸೆಂಟ್ರಲ್ ಕಾಲೇಜಿನ ಹೆಸರು ಹೊತ್ತ ನಿಲ್ದಾಣವೂ ಇದೇ ಮಾರ್ಗದಲ್ಲಿದೆ. ವಿಶ್ವವಿದ್ಯಾಲಯದ ಹಳೆಯ ಮನೆಗೂ ಹೊಸ ಮನೆಗೂ ನಡುವೆ ಹೀಗೆ ನೇರ ಸಂಪರ್ಕ ಏರ್ಪಟ್ಟಿದೆ. ಮೆಜೆಸ್ಟಿಕ್‌ನಿಂದ ಅರ್ಧ ಗಂಟೆಯೊಳಗೆ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿಯಬಹುದು. ನಕಾಶೆಯ ಮೇಲೆ ಸಮಸ್ಯೆ ಬಗೆಹರಿದಂತೆಯೇ ಕಾಣುತ್ತದೆ.

ಆದರೆ ಪಾಠ ನಡೆಯುವುದು ನಿಲ್ದಾಣದಲ್ಲಲ್ಲ. ನಿಲ್ದಾಣವಿರುವುದು ಮೈಸೂರು ರಸ್ತೆಯ ಮೇಲೆ. ವಿಭಾಗಗಳು, ಗ್ರಂಥಾಲಯ, ವಿದ್ಯಾರ್ಥಿನಿಲಯಗಳು ಹರಡಿಕೊಂಡಿರುವುದು ಮರಗಳ ನಡುವಿನ ಆ ವಿಸ್ತಾರವಾದ ಆವರಣದ ಒಳಗೆ. ಉಳಿಯುವುದು ಒಂದೆರಡು ಕಿಲೊಮೀಟರ್ ಮಾತ್ರ, ನಿಜ. ಬಿಸಿಲಿನಲ್ಲಿ, ಮಳೆಯಲ್ಲಿ, ಪುಸ್ತಕದ ಚೀಲ ಹೊತ್ತು ದಿನಕ್ಕೆರಡು ಬಾರಿ ನಡೆಯುವವರಿಗೆ ಆ ‘ಮಾತ್ರ’ದ ಅರ್ಥ ಬೇರೆ. ಆಟೊ ಹತ್ತಿದರೆ ಮೆಟ್ರೊ ಟಿಕೆಟ್ಟಿಗಿಂತ ಹೆಚ್ಚು ಹಣ ತೆರಬೇಕಾಗಬಹುದು. ಬಸ್ಸಿಗೆ ಕಾದರೆ ಮೆಟ್ರೊ ಉಳಿಸಿಕೊಟ್ಟ ಸಮಯ ಅಲ್ಲೇ ಕರಗಿಹೋಗುತ್ತದೆ. ಸಾವಿರಾರು ಕೋಟಿ ರೂಪಾಯಿಯ ಮಾರ್ಗದ ಪ್ರಯೋಜನವನ್ನು ಕೊನೆಯ ಈ ತುಣುಕೇ ನಿರ್ಧರಿಸುತ್ತದೆ ಎಂಬುದನ್ನು ನಮ್ಮ ಯೋಜಕರು ಇನ್ನೂ ಮನಗಂಡಂತಿಲ್ಲ.

ಇದು ಅನುಕೂಲ–ಅನನುಕೂಲದ ಸಣ್ಣ ಪ್ರಶ್ನೆಯಲ್ಲ ಎಂದು ನಾನು ಭಾವಿಸುತ್ತೇನೆ. ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಬರುವವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರು. ರಾಮನಗರ, ಚನ್ನಪಟ್ಟಣಗಳ ಕಡೆಯಿಂದ ರೈಲಿನಲ್ಲಿ ಬರುವವರಿದ್ದಾರೆ. ನಗರದ ಇನ್ನೊಂದು ತುದಿಯಿಂದ ಬರುವವರಿದ್ದಾರೆ. ಕತ್ತಲಾಗುವ ಮೊದಲು ಹೊರಟುಬಿಡಬೇಕು ಎಂಬ ಲೆಕ್ಕಾಚಾರದಲ್ಲಿ ಸಂಜೆಯ ಗ್ರಂಥಾಲಯವನ್ನೂ ವಿಶೇಷ ಉಪನ್ಯಾಸವನ್ನೂ ಬಿಟ್ಟುಕೊಡುವ ವಿದ್ಯಾರ್ಥಿನಿ ಕಳೆದುಕೊಳ್ಳುವುದು ತನ್ನ ಶಿಕ್ಷಣದ ಒಂದು ಭಾಗವನ್ನೇ. ಆ ನಷ್ಟ ಯಾವ ಅಂಕಪಟ್ಟಿಯಲ್ಲಿಯೂ ನಮೂದಾಗುವುದಿಲ್ಲ.

ಮತ್ತೊಂದು ಸಂಗತಿ ಇನ್ನೂ ಗಂಭೀರವಾದುದು. ಮೈಸೂರು ರಸ್ತೆಯಿಂದ ನಾಗರಬಾವಿಯ ಕಡೆಗೆ ಸಾಗುವ ವಾಹನಗಳಿಗೆ ವಿಶ್ವವಿದ್ಯಾಲಯದ ಆವರಣವೇ ಅಡ್ಡದಾರಿ. 2022ರ ಅಕ್ಟೋಬರ್‌ನಲ್ಲಿ ಆವರಣದೊಳಗೇ ವಿದ್ಯಾರ್ಥಿನಿಯೊಬ್ಬರು ನಗರ ಸಾರಿಗೆ ಬಸ್ಸಿಗೆ ಸಿಲುಕಿ, ಬಳಿಕ ಪ್ರಾಣ ಕಳೆದುಕೊಂಡರು. ಹೊರಗಿನ ವಾಹನಗಳ ಸಂಚಾರ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಆಕ್ರೋಶ ನ್ಯಾಯವಾದುದೇ. ಆದರೆ ಬಸ್ಸನ್ನೂ ಖಾಸಗಿ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆವರಣಕ್ಕೆ ಬೇಡವಾದದ್ದು ಯಾರದೋ ಅವಸರದ ಸಂಚಾರ. ಅದಕ್ಕೆ ಬೇಕಾದದ್ದು ನಿಧಾನವಾಗಿ ಚಲಿಸುವ, ಗೊತ್ತಾದ ಜಾಗದಲ್ಲಿ ನಿಲ್ಲುವ ತನ್ನದೇ ಬಸ್ಸು.

ದರದ ವಿಚಾರವನ್ನೂ ಮರೆಯುವಂತಿಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳನ್ನು ಉಚಿತವಾಗಿಸಿತು. ಮೆಟ್ರೊ ಅದರ ವ್ಯಾಪ್ತಿಯಲ್ಲಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿತು. ಹಣ ಉಳಿಸಲು ಬಸ್ಸೋ, ಸಮಯ ಉಳಿಸಲು ಮೆಟ್ರೊವೋ ಎಂಬ ಆಯ್ಕೆ ಉದ್ಯೋಗಸ್ಥರಿಗೆ ಸಹ್ಯವಾಗಬಹುದು, ಸಂಪಾದನೆಯೇ ಇಲ್ಲದ ವಿದ್ಯಾರ್ಥಿಗೆ ಅಲ್ಲ. ಪುಣೆ ಹಾಗೂ ನಾಗಪುರದ ಮೆಟ್ರೊಗಳು ವಿದ್ಯಾರ್ಥಿಗಳಿಗೆ ಶೇ 30ರಷ್ಟು ರಿಯಾಯಿತಿ ಘೋಷಿಸಿದವು. ದಶಕಗಳಿಂದ ವಿದ್ಯಾರ್ಥಿ ಬಸ್ ಪಾಸ್ ಕೊಡುತ್ತ ಬಂದಿರುವ ಬೆಂಗಳೂರಿಗೆ ಈ ತತ್ವ ಹೊಸದೇನಲ್ಲ. ಅದನ್ನು ಹಳಿಯ ಮೇಲೂ ಅನ್ವಯಿಸಬೇಕು, ಅಷ್ಟೆ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಮೆಟ್ರೊ ನಿಲ್ದಾಣ, ಜ್ಞಾನಭಾರತಿ ರೈಲು ನಿಲುಗಡೆ ಮತ್ತು ವಿಭಾಗಗಳನ್ನು ಜೋಡಿಸಿ, ಬೆಳಗಿನ ತರಗತಿಯಿಂದ ಗ್ರಂಥಾಲಯ ಮುಚ್ಚುವವರೆಗೆ ಸುತ್ತುವ ಸಣ್ಣ ಬಸ್ಸುಗಳು ಬೇಕು. ಹತ್ತು ನಿಮಿಷಕ್ಕೊಮ್ಮೆ ಬಸ್ ಬರುತ್ತದೆಂಬ ಭರವಸೆಯಿದ್ದರೆ ವೇಳಾಪಟ್ಟಿಯನ್ನು ಯಾರೂ ನೋಡಬೇಕಿಲ್ಲ. ಎರಡನೆಯದಾಗಿ, ನಡೆಯುವವರಿಗೆ ದೀಪವುಳ್ಳ ಕಾಲುದಾರಿ ಬೇಕು. ಮೂರನೆಯದಾಗಿ, ಹಾದುಹೋಗುವ ಖಾಸಗಿ ವಾಹನಗಳಿಗೆ ಆವರಣದ ಹೊರಗೇ ದಾರಿ ಕಲ್ಪಿಸಬೇಕು. ಕೊನೆಯದಾಗಿ, ಬಸ್ಸಿಗೂ ಮೆಟ್ರೊಗೂ ಸಲ್ಲುವ ಒಂದೇ ವಿದ್ಯಾರ್ಥಿ ಪಾಸ್ ಜಾರಿಗೆ ಬರಬೇಕು.

ಹಣವೆಲ್ಲಿದೆ ಎಂಬ ಪ್ರಶ್ನೆ ಸಹಜ. ‘ಶಕ್ತಿ’ಯ ವೆಚ್ಚವನ್ನು ಸಾರಿಗೆ ನಿಗಮಗಳಿಗೆ ತುಂಬಿಕೊಡುವ ಹೊಣೆಯನ್ನು ಸರ್ಕಾರ ಹೊತ್ತಿದೆ, ವಿದ್ಯಾರ್ಥಿಗಳ ರಿಯಾಯಿತಿಗೂ ಅದೇ ಸೂತ್ರ ಸಲ್ಲುತ್ತದೆ. ಹಣಕ್ಕಿಂತ ದೊಡ್ಡ ಅಡ್ಡಿಯೆಂದರೆ ಗಡಿಯ ಪ್ರಜ್ಞೆ. ಮೆಟ್ರೊದವರ ಹೊಣೆ ನಿಲ್ದಾಣದ ಮೆಟ್ಟಿಲಿಗೆ ಮುಗಿಯುತ್ತದೆ, ವಿಶ್ವವಿದ್ಯಾಲಯದ್ದು ತನ್ನ ದ್ವಾರದಿಂದ ಆರಂಭವಾಗುತ್ತದೆ. ನಡುವಿನ ದಾರಿ ಯಾರದೂ ಅಲ್ಲ. ಈ ಮೂರೂ ಕಡೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರವಿರುವುದು ರಾಜ್ಯ ಸರ್ಕಾರಕ್ಕೆ. ಐವತ್ತು ವರ್ಷಗಳ ಹಿಂದೆ ವಿಶ್ವವಿದ್ಯಾಲಯವನ್ನು ಊರಾಚೆ ಒಯ್ದಿದ್ದು ಒಂದು ಸಾರ್ವಜನಿಕ ನಿರ್ಧಾರ. ಅಲ್ಲಿಗೆ ತಲುಪುವ ದಾರಿಯನ್ನು ಪೂರ್ತಿಗೊಳಿಸುವುದೂ ಸಾರ್ವಜನಿಕ ಹೊಣೆಯೇ ಆಗಬೇಕು.