ಹಳೆಯ ರೈಫಲ್ಲಿಗೆ ಮನೆಯ ಅರ ಬೇಡ

ಬಳ್ಳಾರಿ ರಸ್ತೆಯ ಬ್ಯಾಟರಾಯನಪುರದ ಹೆಸರಿನಲ್ಲೇ ಬೇಟೆಯ ನೆನಪಿದೆ; ಹಳ್ಳಿಗರ ಬಾಯಲ್ಲಿ ಬೇಟೆ 'ಬ್ಯಾಟೆ'ಯೇ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಆದರೂ ಅಜ್ಜನ ಕಾಲದ .22 ರೈಫಲ್ ಕೆಲವು ಮನೆಗಳಲ್ಲಿ ಲೈಸೆನ್ಸ್ ಸಮೇತ ಉಳಿದಿರುವುದುಂಟು. ಸೈಕಲ್, ಮಿಕ್ಸಿ ಬಿಚ್ಚಿ ಜೋಡಿಸುವ ಮಗನ ಕಣ್ಣು ಅದರ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ.

ಈ ರೈಫಲ್ಲಿನ ತೋಟಾಕ್ಕೆ ರಿಮ್‌ಫೈರ್ ಎಂದು ಹೆಸರು. ಕಿಡಿ ಹೊತ್ತಿಸುವ ಮದ್ದು ಇರುವುದು ಹಿತ್ತಾಳೆ ಕೊಳವೆಯ ತಳದ ಅಂಚಿನೊಳಗೆ. ಪಿನ್ನು ಆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. ಅಂಚಿನ ದಪ್ಪ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಪಿನ್ನು ಗಿಡ್ಡವಾದರೆ ತೋಟಾ ಹಾರದು. ಉದ್ದವಾದರೆ ಅಂಚು ಹರಿಯಬಹುದು. ಬೋಲ್ಟಿನ ಹಿಂದೆ ಸಡಿಲು ಹೆಚ್ಚಿದರೆ ಬಿಸಿ ಅನಿಲ, ಹಿತ್ತಾಳೆಯ ಚೂರು ಹಿಂದಕ್ಕೆ, ಗುರಿ ಹಿಡಿದವನ ಕಣ್ಣಿನತ್ತ ನುಗ್ಗುತ್ತವೆ. ಅರದಿಂದ ಎರಡು ಸಲ ಹೆಚ್ಚಾಗಿ ಉಜ್ಜಿದರೂ ಸಾಕು, ಅಳತೆ ತಪ್ಪುತ್ತದೆ. ತೋಟಾ ಇಲ್ಲದೆ ಟ್ರಿಗರ್ ಒತ್ತುವ ಆಟವೂ ಕೆಟ್ಟದ್ದೇ: ಎಷ್ಟೋ ಹಳೆಯ ರೈಫಲ್ಲುಗಳಲ್ಲಿ ಪಿನ್ನು ನೇರವಾಗಿ ನಳಿಗೆಯ ಬಾಯಂಚಿಗೆ ಬಡಿದು ಅಲ್ಲಿ ಗುಳಿ ಬೀಳುತ್ತದೆ.

ಕಾನೂನು ಇನ್ನೂ ಬಿಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ನಳಿಗೆ ಮೊಟಕು ಮಾಡುವುದಕ್ಕೆ, ಆಟಿಕೆಯ ಬಂದೂಕನ್ನು ನಿಜವಾದದ್ದಾಗಿ ಮಾರ್ಪಡಿಸುವುದಕ್ಕೆ 6ನೇ ಸೆಕ್ಷನ್ ಅಡ್ಡಿ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ರಿಪೇರಿ ಮಾಡುವುದಕ್ಕಲ್ಲ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? ಲೈಸೆನ್ಸ್ ಹೊಂದಿರುವ ಹಿರಿಯರೇ ಮೊದಲು ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ, ನಳಿಗೆ ಒರೆಸಬಹುದು, ತೆಳುವಾಗಿ ಎಣ್ಣೆ ಸವರಬಹುದು, ಮರದ ಹಿಡಿಗೆ ಅಗಸೆ ಎಣ್ಣೆ ತಿಕ್ಕಬಹುದು. ಸ್ಪ್ರಿಂಗ್ ಸೋತಿದ್ದರೆ, ಖಾಲಿ ತೋಟಾ ಸಿಕ್ಕಿಕೊಳ್ಳುತ್ತಿದ್ದರೆ ಲೈಸೆನ್ಸ್ ಪಡೆದ ಬಂದೂಕು ರಿಪೇರಿಗಾರರ ಬಳಿಗೆ ಒಯ್ಯಬೇಕು. ತೋಟಾಗಳನ್ನು ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು.

ಮಗನ ಕುತೂಹಲವನ್ನು ಗದರಿ ಅಡಗಿಸಬೇಕಿಲ್ಲ. ಎನ್.ಸಿ.ಸಿ. ಸೇರಿದರೆ ಇದೇ .22 ರೈಫಲ್ಲನ್ನು ಬೋಧಕರ ಎದುರಿನಲ್ಲೇ ಹಿಡಿಯಬಹುದು, ಹೆಣ್ಣುಮಕ್ಕಳಿಗೂ ಅವಕಾಶವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ .22 ರಿಮ್‌ಫೈರ್ ತೋಟಾದಿಂದಲೇ. ಅರ ಹಿಡಿಯುವ ಆಸೆಯಿದ್ದರೆ ಐ.ಟಿ.ಐ.ನ ಫಿಟ್ಟರ್ ತರಗತಿ ಇದೆ. ಅಲ್ಲಿ ಅಳತೆ ತಪ್ಪಿದರೆ ಹಾಳಾಗುವುದು ಒಂದು ಕಬ್ಬಿಣದ ತುಂಡು ಮಾತ್ರ.