ವಿನಾಯಿತಿಗೂ ಒಂದು ಗಡುವು ಬೇಕು

ಕಾಸರಗೋಡಿನ ಕುಂಬಳೆ ಸಮೀಪದ ಅನಂತಪುರಕ್ಕೆ ಹೊರಗಿನವರು ಬರುವುದು ಸರೋವರ ಕ್ಷೇತ್ರದ ದರ್ಶನಕ್ಕೆ. ಅದೇ ಊರಲ್ಲೊಂದು ಕೈಗಾರಿಕಾ ಪ್ರದೇಶವಿದೆ ಎಂಬುದನ್ನು ಗಮನಿಸುವವರು ಕಡಿಮೆ. ಇಂಥ ಕಡೆಯ ಸಣ್ಣ ಘಟಕಗಳಿಗೆ ಸಾಲ, ಸಬ್ಸಿಡಿಗಿಂತ ಮುಖ್ಯವಾಗಿ ಬೇಕಾದದ್ದು ನಂಬಿಕಸ್ತ ಗಿರಾಕಿ. ಸರಕಾರಕ್ಕಿಂತ ದೊಡ್ಡ ಗಿರಾಕಿ ದೇಶದಲ್ಲಿ ಬೇರೆ ಯಾರಿದ್ದಾರೆ?

ಕೇಂದ್ರವೂ ಇದನ್ನು ಒಪ್ಪಿದೆ. 2017ರ ಜೂನ್‌ನಲ್ಲಿ ಹೊರಟ ‘ಮೇಕ್ ಇನ್ ಇಂಡಿಯಾ’ ಖರೀದಿ ಆದೇಶ 2020ರಲ್ಲಿ ಇನ್ನಷ್ಟು ಬಿಗಿಯಾಯಿತು. ಸರಕಿನ ಮೌಲ್ಯದಲ್ಲಿ ಕನಿಷ್ಠ ಶೇ 50 ಇಲ್ಲಿಯದಾಗಿದ್ದರೆ ಮೊದಲ ದರ್ಜೆಯ ಆದ್ಯತೆ. 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ಕರೆಯುವಂತಿಲ್ಲ. ಕರೆಯಲೇಬೇಕಾದರೆ ಮೇಲಿನವರ ಅನುಮತಿ ಬೇಕು. ವಿನಾಯಿತಿಯ ಈ ಕಿಂಡಿ ಇರಲೇಬೇಕು. ಇಲ್ಲಿ ತಯಾರಾಗದ ಯಂತ್ರಕ್ಕಾಗಿ ಆಸ್ಪತ್ರೆಯ ರೋಗಿಯನ್ನು ಕಾಯಿಸಲಾಗದು.

ಕಿಂಡಿಯನ್ನು ಮತ್ತೆ ಮುಚ್ಚುವವರು ಯಾರು ಎಂಬುದೇ ಪ್ರಶ್ನೆ.

2020ರ ಮಾರ್ಚ್ ನೆನಪಿಸಿಕೊಳ್ಳಿ. ಕೋವಿಡ್ ಕಾಸರಗೋಡನ್ನು ಕಂಗೆಡಿಸಿದ ಆ ದಿನಗಳಲ್ಲಿ ಪಿಪಿಇ ಕಿಟ್‌ಗಳಿಗೆ ದೇಶವೆಲ್ಲ ಹೊರಗಿನತ್ತ ನೋಡುತ್ತಿತ್ತು. ಆಗ ಆಮದು ಮಾಡಿದ್ದು ತಪ್ಪಲ್ಲ. ಆದರೆ ಏಪ್ರಿಲ್ ಮುಗಿಯುವ ಮೊದಲೇ ದೇಶ ದಿನಕ್ಕೆ ಲಕ್ಷಕ್ಕೂ ಹೆಚ್ಚು ಕವಚಗಳನ್ನು ಹೊಲಿಯತೊಡಗಿತು. ಅದರಲ್ಲಿ ಅರ್ಧದಷ್ಟು ಬೆಂಗಳೂರಿನದೇ. ಮೇ ತಿಂಗಳಲ್ಲಿ ದಿನದ ತಯಾರಿಕೆ ನಾಲ್ಕು ಲಕ್ಷ ದಾಟಿತು. ಸರಕಾರ ಕೊಳ್ಳುತ್ತದೆ ಎಂಬ ಭರವಸೆ ಸಿಕ್ಕಿದ್ದೇ ತಡ, ಸಿದ್ಧ ಉಡುಪಿನ ಕಾರ್ಖಾನೆಗಳು ಕವಚಕ್ಕೆ ತಿರುಗಿದವು. ಮಾರ್ಚ್‌ನಲ್ಲಿ ಸರಿಯಾಗಿದ್ದ ಕಾರಣ ಜೂನ್‌ನಲ್ಲಿ ಸರಿಯಲ್ಲ.

ಕೊರತೆಯ ಇನ್ನೊಂದು ಮುಖ ಕಾಸರಗೋಡಿನ ಬೆದ್ರಡ್ಕದಲ್ಲಿದೆ. ರೈಲುಗಳಿಗೆ ಆಲ್ಟರ್ನೇಟರ್ ತಯಾರಿಸುತ್ತಿದ್ದ, ಕೇರಳ ಸರಕಾರದ ಕಂಪನಿಯಾದ ಕೆಲ್‌ನ ಘಟಕದ ಶೇ 51 ಪಾಲು 2011ರಲ್ಲಿ ಕೇಂದ್ರದ ಬಿಎಚ್‌ಇಎಲ್‌ಗೆ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಹಾಕಿದ ಬಾಗಿಲು ಮತ್ತೆ ತೆರೆದದ್ದು, ಕೇರಳ ಸರಕಾರ ಆ ಪಾಲನ್ನು ವಾಪಸ್ ಪಡೆದ ಮೇಲೆ, 2022ರ ಏಪ್ರಿಲ್ 1ರಂದು. ನಡುವಿನ ಎರಡು ವರ್ಷ ಯಾವ ಅಧಿಕಾರಿಯೇ ವಿಚಾರಿಸಿದ್ದರೂ ‘ಬೆದ್ರಡ್ಕದಲ್ಲಿ ಮಾಲು ಸಿಗದು’ ಎಂಬ ಉತ್ತರವೇ ಸಿಗುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಯಂತ್ರವಿತ್ತು, ಪಳಗಿದ ಕೈಗಳಿದ್ದವು, ಕೆಲಸವಿರಲಿಲ್ಲ. ಕೊರತೆಯೆಂದರೆ ಎಷ್ಟೋ ಸಲ ಹೀಗೆಯೇ: ಆರ್ಡರ್ ಬಾರದೆ ಕಾರ್ಖಾನೆ ಸೊರಗುತ್ತದೆ, ಸೊರಗಿದ ಕಾರ್ಖಾನೆ ಮುಂದಿನ ಆಮದಿಗೆ ಕಾರಣವಾಗುತ್ತದೆ.

ಆದ್ದರಿಂದ ಕಡತದಲ್ಲಿ ‘ಲಭ್ಯವಿಲ್ಲ’ ಎಂದು ಬರೆದರಷ್ಟೇ ಸಾಲದು. ಯಾರನ್ನು ಕೇಳಿದರು, ಎಷ್ಟು ದಿನ ಕಾದರು, ವಿನಾಯಿತಿ ಯಾವ ತಾರೀಕಿಗೆ ಮುಗಿಯುತ್ತದೆ ಎಂಬುದೂ ದಾಖಲಾಗಬೇಕು. ಕೇರಳ, ಕರ್ನಾಟಕ ಎರಡೂ ಸರಕಾರಗಳು ಇಂಥ ಪ್ರತಿಯೊಂದು ವಿನಾಯಿತಿಯ ವಿವರವನ್ನು ಆಯಾ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಪ್ರಕಟಿಸಲಿ. ಕಾಸರಗೋಡಿನಲ್ಲಿ ಅದು ಕನ್ನಡದಲ್ಲೂ ಇರಲಿ. ಆ ಮಾಲನ್ನು ತಾನು ಮಾಡಬಲ್ಲೆ ಎನ್ನುವ ಅನಂತಪುರದ ಉದ್ಯಮಿಗೆ ಮುಂದಿನ ಟೆಂಡರ್‌ಗೆ ಮೊದಲೇ ಹೇಳಲು ಅವಕಾಶ ಸಿಗಲಿ.